ಕ್ಯಾಂಪು, ಜಾತ್ರೆ, ಕಮಾನುಗಾಡಿ: ನಾಲ್ಕು ತಾಲ್ಲೂಕುಗಳ ನಾಟಕದ ಹಾದಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ಸೀಮೆಯಲ್ಲಿ ನಾಟಕ ನೋಡುವುದೆಂದರೆ ಬಹುಕಾಲ ಪ್ರಯಾಣಕ್ಕೆ ಹೊರಡುವುದೇ ಆಗಿತ್ತು. ವರ್ಷವಿಡೀ ಆಟ ನಡೆಸುವ ವೃತ್ತಿ ರಂಗಮಂದಿರ ಈ ನಾಲ್ಕು ಊರುಗಳಲ್ಲಿ ನೆಲೆಯೂರಲಿಲ್ಲ. ಒಂದೋ ನಾಟಕ ಕಂಪನಿ ಊರಿಗೆ ಬರಬೇಕು, ಇಲ್ಲವೇ ಊರವರು ಕಂಪನಿ ಬೀಡುಬಿಟ್ಟ ಕಡೆಗೆ ಗುಂಪು ಕಟ್ಟಿಕೊಂಡು ಹೋಗಬೇಕು. ಲಂಡನ್ನು, ನ್ಯೂಯಾರ್ಕಿನಂಥ ಮಹಾನಗರಗಳಲ್ಲಿ ಇಂದು ರಂಗಮಂದಿರಗಳ ಬೀದಿಗಳನ್ನು ಸುತ್ತಿಸಿ, ಒಂದೆರಡು ನಾಟಕ ತೋರಿಸಿ ಕಳಿಸುವ ಪ್ರವಾಸಗಳಿವೆ. ಅಲ್ಲಿ ರಂಗಮಂದಿರ ನಿಂತಲ್ಲೇ ನಿಂತಿರುತ್ತದೆ, ನೋಡುಗರು ಸುತ್ತುತ್ತಾರೆ. ಈ ಸೀಮೆಯಲ್ಲಿ ರಂಗಮಂದಿರವೂ ಸುತ್ತುತ್ತಿತ್ತು, ನೋಡುಗರೂ ಸುತ್ತುತ್ತಿದ್ದರು. ಜಾತ್ರೆಯ ಬಯಲು, ಸುಗ್ಗಿ ಮುಗಿದ ಮೇಲಿನ ಕ್ಯಾಂಪು, ದಾವಣಗೆರೆಯ ಪೇಟೆ ಇವು ಇಬ್ಬರೂ ಸಂಧಿಸುವ ತಾಣಗಳಾಗಿದ್ದವು.

ಇಂದು ನಾಲ್ಕೂ ತಾಲ್ಲೂಕುಗಳು ದಾವಣಗೆರೆ ಜಿಲ್ಲೆಯಲ್ಲಿವೆ. ಆದರೆ ಆ ಜಿಲ್ಲೆ ಹುಟ್ಟಿದ್ದೇ 1997ರಲ್ಲಿ. ಅದಕ್ಕೆ ಮೊದಲು ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಗೆ ಸೇರಿದ್ದವು, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ನ್ಯಾಮತಿ ಹೊನ್ನಾಳಿ ತಾಲ್ಲೂಕಿನೊಳಗಿನ ವ್ಯಾಪಾರದ ಊರಾಗಿತ್ತು. ತಾಲ್ಲೂಕು ಕೇಂದ್ರವಾದದ್ದು ತೀರ ಈಚೆಗೆ. ಆಡಳಿತದ ಗೆರೆ ಎಲ್ಲೇ ಇದ್ದರೂ ಜನರ ಓಡಾಟ ಮಾತ್ರ ದಾವಣಗೆರೆ, ಹರಿಹರ, ಶಿವಮೊಗ್ಗ, ಚಿತ್ರದುರ್ಗಗಳ ನಡುವೆ ಹಂಚಿಹೋಗಿತ್ತು. ನಾಟಕವೂ ಅದೇ ರಸ್ತೆಗಳಲ್ಲಿ ಬಂತು. ಹೊನ್ನಾಳಿ, ನ್ಯಾಮತಿಗಳಿಗೆ ಶಿವಮೊಗ್ಗದ ಕಡೆಯಿಂದಲೂ ಹರಿಹರದ ಕಡೆಯಿಂದಲೂ ದಾರಿಯಿತ್ತು. ಜಗಳೂರಿಗೆ ದಾವಣಗೆರೆ, ಚಿತ್ರದುರ್ಗಗಳಷ್ಟೇ ಬಳ್ಳಾರಿ ಸೀಮೆಯೂ ಹತ್ತಿರ.

ಕಂಪನಿ ನಾಟಕ ಬರುವ ಮೊದಲು ಇಲ್ಲಿ ಬಯಲಾಟವಿತ್ತು. ಜಗಳೂರಿನಿಂದ ಕೂಡ್ಲಿಗಿ, ಮೊಳಕಾಲ್ಮೂರು, ಚಳ್ಳಕೆರೆಗಳವರೆಗಿನ ಒಣನಾಡು ಮೂಡಲಪಾಯ ಬಯಲಾಟದ ನೆಲ. ಊರ ಮುಂದಿನ ಬಯಲಿನಲ್ಲಿ ಅಟ್ಟ ಕಟ್ಟಿ, ಭಾಗವತನ ಪದಕ್ಕೆ ಹೆಜ್ಜೆ ಹಾಕುತ್ತ, ಕಿರೀಟ ಭುಜಕೀರ್ತಿಗಳ ವೇಷದಲ್ಲಿ ಬೆಳಗಿನ ತನಕ ಆಡುವ ಆಟವದು. ಅದಕ್ಕೆ ಟಿಕೆಟ್ಟಿರಲಿಲ್ಲ. ಊರು ಸೇರಿ ಆಡಿಸುತ್ತಿತ್ತು, ಊರವರೇ ವೇಷ ಹಾಕುತ್ತಿದ್ದರು, ನೆರೆಹಳ್ಳಿಯಿಂದ ಬಂದವರು ಊರ ಅತಿಥಿಗಳಾಗಿ ಕೂತು ನೋಡುತ್ತಿದ್ದರು. ಮಳೆ ಬರಲೆಂದು, ಹರಕೆ ತೀರಲೆಂದು, ದೇವರ ಹಬ್ಬವೆಂದು ಆಟ ಆಡಿಸುವ ವಾಡಿಕೆಯಿತ್ತು. ಹಣ ಕೊಟ್ಟು ಒಳಗೆ ಹೋಗಬೇಕಾದ, ಪರದೆ ಏಳುವ, ನೆಲಕ್ಕೊಂದು ಕುರ್ಚಿಗೊಂದು ದರವಿರುವ ಆಟ ಈ ಲೋಕಕ್ಕೆ ಕಾಲಿಟ್ಟಾಗ ಬದಲಾದದ್ದು ರಂಗ ಮಾತ್ರವಲ್ಲ. ಆಡಿಸುವ ಊರು ನೋಡುವ ಊರಾಯಿತು. ಕನ್ನಡ ರಂಗಭೂಮಿಯ ಚರಿತ್ರೆ ಬರೆಯುವಾಗ ನಾಟಕಕಾರರಿಗೂ ನಟರಿಗೂ ಸಿಗುವ ಜಾಗ ಈ ಬದಲಾವಣೆಗೆ ಸಿಗುವುದಿಲ್ಲ. ಆದರೆ ಹಳ್ಳಿಗಾಡಿನ ಮಟ್ಟಿಗೆ ದೊಡ್ಡ ತಿರುವು ಇದೇ.

ಕಂಪನಿ ನಾಟಕದ ಹುಟ್ಟು ಬೇರೆಡೆಯದು. 19ನೇ ಶತಮಾನದ ಉತ್ತರಾರ್ಧದಲ್ಲಿ ಪಾರ್ಸಿ ಕಂಪನಿಗಳೂ ಮರಾಠಿ ಮಂಡಳಿಗಳೂ ಕನ್ನಡ ನಾಡಿನ ಪೇಟೆಗಳಲ್ಲಿ ಆಡಿ ಹಣ, ಹೆಸರು ಎರಡನ್ನೂ ಗಳಿಸುತ್ತಿದ್ದವು. ಅದನ್ನು ಕಂಡು ಕನ್ನಡದಲ್ಲೇ ನಾಟಕವಾಗಬೇಕೆಂದು ಗದಗಿನಲ್ಲಿ ಶಾಂತಕವಿಗಳು, ಅಂದರೆ ಸಕ್ಕರಿ ಬಾಳಾಚಾರ್ಯರು, 1870ರ ದಶಕದಲ್ಲಿ ಮಂಡಳಿ ಕಟ್ಟಿದರು. ಮೈಸೂರಿನಲ್ಲಿ ಚಾಮರಾಜ ಒಡೆಯರ ಆಶ್ರಯದಲ್ಲಿ ಅರಮನೆಯ ನಾಟಕ ಸಭೆ ಹುಟ್ಟಿ, ಬಸವಪ್ಪಶಾಸ್ತ್ರಿಗಳ ಶಾಕುಂತಲ ರಂಗಕ್ಕೆ ಬಂತು. 1884ರಲ್ಲಿ ಗುಬ್ಬಿ ಕಂಪನಿ ಶುರುವಾಯಿತು. ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ಅದು ದಕ್ಷಿಣ ಭಾರತದಲ್ಲೆಲ್ಲ ಹೆಸರಾಯಿತು. ಅವರ ‘ಕುರುಕ್ಷೇತ್ರ’ದಲ್ಲಿ ರಂಗದ ಮೇಲೆ ಆನೆ, ಕುದುರೆ, ರಥಗಳು ಬರುತ್ತಿದ್ದವು. ಉತ್ತರದಲ್ಲಿ ಕೊಣ್ಣೂರು, ಶಿರಹಟ್ಟಿ, ಹಲಗೇರಿ ಕಂಪನಿಗಳು, ವಾಮನರಾಯರ ವಿಶ್ವಗುಣಾದರ್ಶ ಮಂಡಳಿ, ಗರೂಡ ಸದಾಶಿವರಾಯರ ದತ್ತಾತ್ರೇಯ ಮಂಡಳಿ. ದಕ್ಷಿಣದಲ್ಲಿ ವರದಾಚಾರ್ಯರ ರತ್ನಾವಳಿ ಕಂಪನಿ, ಮಹಮ್ಮದ್ ಪೀರರ ಚಂದ್ರಕಲಾ ಮಂಡಳಿ. ಹಳೆಯ ಮೈಸೂರಿನ ಧಾಟಿಯೂ ಧಾರವಾಡ ಕಡೆಯ ಧಾಟಿಯೂ ಬೆರೆತದ್ದು ನಡುನಾಡಿನಲ್ಲಿ. ದಾವಣಗೆರೆ, ಹರಿಹರಗಳ ಪ್ರೇಕ್ಷಕರು ದಕ್ಷಿಣದ ಕರ್ನಾಟಕ ಸಂಗೀತದ ರಂಗಗೀತೆಯನ್ನೂ ಉತ್ತರದ ಹಿಂದೂಸ್ತಾನಿ ಮಟ್ಟುಗಳನ್ನೂ ಕೇಳುವಂಥ ಜಾಗದಲ್ಲಿದ್ದರು.

ಈ ಬೆರಕೆಗೆ ಮುಖ್ಯ ಕಾರಣ ರೈಲು. ಬೆಂಗಳೂರಿನಿಂದ ಅರಸೀಕೆರೆ, ಬೀರೂರು ಹಾದು ದಾವಣಗೆರೆ, ಹರಿಹರ, ಹುಬ್ಬಳ್ಳಿಗಳನ್ನು ಮುಟ್ಟುವ ಮೀಟರ್‌ಗೇಜ್ ಹಾದಿ 19ನೇ ಶತಮಾನದ ಕೊನೆಯ ಹೊತ್ತಿಗೆ ತಯಾರಾಗಿತ್ತು. ಪರದೆ, ಕಟೌಟು, ಉಡುಪಿನ ಟ್ರಂಕು, ಅಡುಗೆಯ ಪಾತ್ರೆ, ಹತ್ತಾರು ಕಲಾವಿದರು ಮತ್ತು ಅವರ ಸಂಸಾರ, ಇಷ್ಟನ್ನೂ ಸಾಗಿಸಬೇಕಾದ ದೊಡ್ಡ ಕಂಪನಿಗೆ ರೈಲು ನಿಲ್ದಾಣವಿರುವ ಊರೇ ಅನುಕೂಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕಕ್ಕೂ ರೈಲು ಬರಲಿಲ್ಲ. ಹಾಗಾಗಿ ದೊಡ್ಡ ಕಂಪನಿಗಳಿಗೆ ದಾವಣಗೆರೆ, ಶಿವಮೊಗ್ಗಗಳೇ ನಿಲುಗಡೆ. ತಾಲ್ಲೂಕು ಕೇಂದ್ರಗಳು ಎತ್ತಿನಗಾಡಿಯಲ್ಲಿ, ಆಮೇಲಿನ ಕಾಲದಲ್ಲಿ ಲಾರಿಯಲ್ಲಿ ಸಾಮಾನು ಹೇರಿಕೊಂಡು ಬರಬಲ್ಲ ಸಣ್ಣ ಮಧ್ಯಮ ಕಂಪನಿಗಳ ಪಾಲಾದವು.

ದಾವಣಗೆರೆ ಬರೀ ನಿಲುಗಡೆಯಾಗಿ ಉಳಿಯಲಿಲ್ಲ. ಹತ್ತಿಯ ವ್ಯಾಪಾರದಿಂದ ಬೆಳೆದು, 1930ರ ದಶಕದಿಂದಾಚೆಗೆ ಬಟ್ಟೆ ಗಿರಣಿಗಳ ಪಟ್ಟಣವಾಯಿತು. ಸಂಜೆ ಪಾಳಿ ಮುಗಿಸಿ ಬರುವ ಗಿರಣಿ ಕೆಲಸಗಾರರು, ಮಂಡಿಗೆ ಬಂದು ರಾತ್ರಿ ಉಳಿಯುವ ರೈತರು, ಹಮಾಲರು, ದಲ್ಲಾಲಿಗಳು ನಾಟಕಕ್ಕೆ ಕಾಯಂ ಪ್ರೇಕ್ಷಕರಾದರು. ಊರಿಗೆ ಸ್ವಂತ ಕಂಪನಿಯೂ ಹುಟ್ಟಿತು. ಗಾಯಕ ನಟ ಚಿಂದೋಡಿ ವೀರಪ್ಪನವರು 1920ರ ದಶಕದ ಕೊನೆಯಲ್ಲಿ ಕಟ್ಟಿದ ಗುರು ಕರಿಬಸವರಾಜೇಂದ್ರ ನಾಟಕ ಸಂಘ ಜನರ ಬಾಯಲ್ಲಿ ಕೆ.ಬಿ.ಆರ್. ಡ್ರಾಮಾ ಕಂಪನಿಯಾಯಿತು. ವೀರಪ್ಪನವರ ಮಗಳು ಚಿಂದೋಡಿ ಲೀಲಾ ಎಳೆವಯಸ್ಸಿನಲ್ಲೇ ರಂಗ ಹತ್ತಿದರು. ‘ಹಳ್ಳಿ ಹುಡುಗಿ’, ‘ಪೊಲೀಸನ ಮಗಳು’ ನಾಟಕಗಳಿಂದ ನಾಡಿನ ಉದ್ದಗಲಕ್ಕೂ ಹೆಸರಾದರು. ಕಂಪನಿಯ ಹೊಣೆ ಹೊತ್ತರು, ನಾಟಕ ಅಕಾಡೆಮಿಯ ಅಧ್ಯಕ್ಷರಾದರು, 1988ರಲ್ಲಿ ಪದ್ಮಶ್ರೀ ಪಡೆದರು. 2010ರ ಜನವರಿಯಲ್ಲಿ ತೀರಿಕೊಂಡರು. ಒಂದೇ ಮನೆತನ ತಲೆಮಾರುಗಟ್ಟಲೆ ಕಂಪನಿ ನಡೆಸಿದ ಉದಾಹರಣೆ ಕನ್ನಡದಲ್ಲಿ ಹೆಚ್ಚಿಲ್ಲ. ಸಿನಿಮಾ ಬಂದು, ಟಿ.ವಿ. ಬಂದು ಎಷ್ಟೋ ಮಂಡಳಿಗಳು ಮುಚ್ಚಿದ ಮೇಲೂ ಚಿಂದೋಡಿ ಮನೆತನ ಪರದೆ ಕಟ್ಟುವುದನ್ನು ಬಿಡಲಿಲ್ಲ. ಈ ಸೀಮೆಯ ರಂಗಚರಿತ್ರೆಯಲ್ಲಿ ಅತಿ ಹೆಚ್ಚು ಗೌರವಕ್ಕೆ ಅರ್ಹವಾದ ಸಂಗತಿ ಅದು.

ಕಂಪನಿಯೊಂದು ಕ್ಯಾಂಪು ಮಾಡುವುದಕ್ಕೆ ಒಂದು ಕ್ರಮವಿತ್ತು. ಮೊದಲು ಮ್ಯಾನೇಜರ್ ಬಂದು ಊರು ನೋಡುತ್ತಿದ್ದರು. ಮಳೆ ಬೆಳೆ ಹೇಗಿದೆ, ಯಾವ ವಾರ ಸಂತೆ, ಹತ್ತಿರದಲ್ಲಿ ಯಾವ ಜಾತ್ರೆ, ಬೇರೆ ಕಂಪನಿ ಈಚೆಗೆ ಬಂದು ಹೋಗಿದೆಯೇ ಎಂಬ ವಿಚಾರಣೆ ನಡೆಯುತ್ತಿತ್ತು. ಲೆಕ್ಕ ಕೂಡಿದರೆ ಜಾಗದ ಬಾಡಿಗೆ, ಠಾಣೆಯ ಪರವಾನಗಿ, ಕಂತ್ರಾಟುದಾರರ ಜೊತೆ ಮಾತು. ಕೆಲವೊಮ್ಮೆ ಊರಿನ ಸಾಹುಕಾರರೊಬ್ಬರು ಇಡೀ ಕ್ಯಾಂಪನ್ನೇ ಗುತ್ತಿಗೆ ಹಿಡಿದು ಕಂಪನಿಗೆ ಇಂತಿಷ್ಟೆಂದು ಕೊಟ್ಟು ಲಾಭ ನಷ್ಟ ತಾವೇ ಹೊರುತ್ತಿದ್ದರು. ಆಮೇಲೆ ಬಿದಿರು, ಗಳ, ತೆಂಗಿನ ಗರಿಗಳಿಂದ, ಮುಂದಿನ ಕಾಲದಲ್ಲಿ ತಗಡಿನಿಂದ, ಥಿಯೇಟರು ಏಳುತ್ತಿತ್ತು. ರಂಗದ ಎದುರಿಗೆ ಪೇಟಿ ಮಾಸ್ತರರ ಕಾಲುಪೇಟಿ ಮತ್ತು ತಬಲ, ಅದರ ಹಿಂದೆ ಕುರ್ಚಿ, ಬೆಂಚು, ಕೊನೆಗೆ ನೆಲ. ಹೆಂಗಸರಿಗೆ ಬೇರೆ ಜಾಗ. ವಿದ್ಯುತ್ತು ಬರುವ ಮುಂಚೆ ಗ್ಯಾಸ್‌ಲೈಟಿನ ಬೆಳಕಿನಲ್ಲೇ ಅರಮನೆ, ಕಾಡು, ಬೀದಿಗಳ ಪರದೆ ಬಿಚ್ಚಿಕೊಳ್ಳುತ್ತಿದ್ದವು.

ಹಗಲಿಡೀ ಜಾಹೀರಾತಿನ ಗಾಡಿ ಊರೂರು ಸುತ್ತುತ್ತಿತ್ತು. ಎರಡೂ ಬದಿಗೆ ಬಣ್ಣದ ಬೋರ್ಡು ಕಟ್ಟಿದ ಗಾಡಿಯ ಮುಂದೆ ತಮಟೆ ಬಾಜಾ, ಹಿಂದೆ ಹ್ಯಾಂಡ್‌ಬಿಲ್ಲಿಗೆ ಓಡುವ ಮಕ್ಕಳು. ಮೈಕು ಬಂದ ಮೇಲೆ ತಮಟೆಯ ಜಾಗವನ್ನು ಧ್ವನಿವರ್ಧಕ ಹಿಡಿಯಿತು, ಗಾಡಿಯ ಜಾಗವನ್ನು ಕಾರು, ಆಟೊ. ರಾತ್ರಿ ಊಟವಾದ ಮೇಲೆ ಗಂಟೆ. ಮೂರನೆಯ ಗಂಟೆಗೆ ನಾಂದಿ, ಆಮೇಲೆ ಪರದೆ. ಒಳ್ಳೆಯ ಪದ ಬಂದರೆ ‘ಒನ್ಸ್ ಮೋರ್’ ಕೂಗು. ನಟ ಪದವನ್ನು ಮತ್ತೆ ಹಾಡಲೇಬೇಕು. ಹೀಗೆ ನಾಟಕ ಬೆಳಗಿನ ಜಾವದವರೆಗೂ ಎಳೆಯುತ್ತಿತ್ತು. ಬೆಳಗಿನ ತನಕ ಆಡುವ ಬಯಲಾಟಕ್ಕೆ ಒಗ್ಗಿದ್ದ ಪ್ರೇಕ್ಷಕರಿಗೆ ಇದು ಅತಿಯೆನಿಸಲಿಲ್ಲ. ಎರಡೂವರೆ ಗಂಟೆಯ ಆಟವಾಗಿ, ದಿನಕ್ಕೆ ಎರಡು ಪ್ರದರ್ಶನವಾಗಿ ಕಂಪನಿ ನಾಟಕ ಕುಗ್ಗಿದ್ದು ಸಿನಿಮಾದ ಜೊತೆ ಪೈಪೋಟಿಗೆ ಇಳಿದ ಮೇಲೆ.

ಕ್ಯಾಂಪಿನ ಲೆಕ್ಕಾಚಾರ ಬೆಳೆಯ ಮೇಲೆ ನಿಂತಿತ್ತು. 1960ರ ದಶಕದಲ್ಲಿ ಭದ್ರಾ ಜಲಾಶಯದ ಕಾಲುವೆ ನೀರು ಹರಿದ ಮೇಲೆ ಚನ್ನಗಿರಿ, ಹೊನ್ನಾಳಿ ಭಾಗದಲ್ಲಿ ಭತ್ತ, ಕಬ್ಬು, ಅಡಿಕೆ ಹಬ್ಬಿದವು. ಸೂಳೆಕೆರೆಯ ನೀರು ಹಿಂದಿನಿಂದಲೂ ಚನ್ನಗಿರಿಯ ಒಂದು ಭಾಗವನ್ನು ಸಾಕಿತ್ತು. ಅಡಿಕೆ ಕೊಯ್ಲಾಗಿ ಮಾರಾಟವಾದ ಹೊತ್ತಿಗೆ, ಭತ್ತ ಕಣದಿಂದ ಮನೆಗೆ ಬಂದ ಹೊತ್ತಿಗೆ ಜನರ ಕೈಯಲ್ಲಿ ಕಾಸಾಡುತ್ತಿತ್ತು. ಕಂಪನಿಗಳಿಗೆ ಇದು ತಿಳಿದಿತ್ತು. ಜಗಳೂರಿಗೆ ಆ ಭಾಗ್ಯವಿರಲಿಲ್ಲ. ಕಾಲುವೆಯಿಲ್ಲದ, ಮಳೆಯನ್ನೇ ನಂಬಿದ ತಾಲ್ಲೂಕದು. ಜೋಳ, ಶೇಂಗಾ, ಹತ್ತಿ ಕೈಹಿಡಿದ ವರ್ಷ ನಾಟಕ, ಕೈಕೊಟ್ಟ ವರ್ಷ ಗುಳೆ. ಆದರೂ ಬಯಲಾಟದಲ್ಲಿ ಪಳಗಿದ ಪ್ರೇಕ್ಷಕ ಅಲ್ಲಿದ್ದ, ಹಾಗಾಗಿ ಪೌರಾಣಿಕ ನಾಟಕಕ್ಕೆ ಬೆಲೆಯಿತ್ತು.

ಊರಲ್ಲಿ ಒಂದೆರಡು ಆಟದ ಆದಾಯವನ್ನು ಶಾಲೆಯ ಕಟ್ಟಡಕ್ಕೋ ಗುಡಿಯ ಜೀರ್ಣೋದ್ಧಾರಕ್ಕೋ ಬಿಟ್ಟುಕೊಡುವ ಸಹಾಯಾರ್ಥ ಪ್ರದರ್ಶನದ ರೂಢಿಯೂ ಇತ್ತು. ಕಂಪನಿಯ ಮುಖ್ಯ ನಟನಿಗೆ, ನಟಿಗೆ ಬೆನಿಫಿಟ್ ನೈಟ್ ಇರುತ್ತಿತ್ತು; ಆ ರಾತ್ರಿ ಮೆಚ್ಚಿದವರು ರಂಗಕ್ಕೆ ಹತ್ತಿ ನೋಟಿನ ಹಾರ, ಸೀರೆ, ಬೆಳ್ಳಿ ಪದಕ ಕೊಡುತ್ತಿದ್ದರು. ಮಠಗಳ ಜೊತೆಗಿನ ನಂಟು ಇನ್ನೂ ಗಟ್ಟಿ. ಗದಗಿನ ಪಂಡಿತ ಪಂಚಾಕ್ಷರಿ ಗವಾಯಿಗಳ ಹೆಸರಿನ ನಾಟ್ಯಸಂಘ ಊರೂರು ಆಡಿ ಅಂಧ ಮಕ್ಕಳ ಸಂಗೀತ ಪಾಠಶಾಲೆಗೆ ಅನ್ನ ದುಡಿಯಿತು. ಪುಟ್ಟರಾಜ ಗವಾಯಿಗಳೇ ಅದಕ್ಕೆ ನಾಟಕ ಬರೆದುಕೊಟ್ಟರು.

ಈಗ ನೋಡುಗರ ಪಯಣಕ್ಕೆ ಬರಬೇಕು. ಜಗಳೂರಿನಿಂದಾಗಲಿ ಚನ್ನಗಿರಿಯಿಂದಾಗಲಿ ದಾವಣಗೆರೆ ಐವತ್ತು ಕಿಲೋಮೀಟರಿನ ಆಸುಪಾಸು. ಎತ್ತಿನಗಾಡಿಯಲ್ಲಿ ಒಂದು ಸಂಜೆಗೆ ಮುಟ್ಟುವ ದೂರವಲ್ಲ. ಹೀಗಾಗಿ ಎರಡು ಬಗೆಯ ಪಯಣ ಬೆಳೆಯಿತು. ತಾಲ್ಲೂಕು ಕೇಂದ್ರದಲ್ಲಿ ಕ್ಯಾಂಪು ಬಿದ್ದರೆ ಸುತ್ತಲಿನ ಹಳ್ಳಿಯವರು ಹೊತ್ತು ಮುಳುಗುವ ಮುಂಚೆ ಕಮಾನುಗಾಡಿ ಕಟ್ಟುತ್ತಿದ್ದರು. ಗಾಡಿಯೊಳಗೆ ಹುಲ್ಲು ಹಾಸಿ ಜಮಖಾನ ಹೊದಿಸಿ ಹೆಂಗಸರು ಮಕ್ಕಳು ಕೂರುವುದು, ಗಂಡಸರು ನಡೆದೇ ಬರುವುದು, ಗಾಡಿಯ ಕೆಳಗೆ ಲಾಟೀನು, ಬಟ್ಟೆಯಲ್ಲಿ ರೊಟ್ಟಿ ಬುತ್ತಿ. ಒಬ್ಬಂಟಿಯಾಗಿ ನಾಟಕಕ್ಕೆ ಹೋಗುವವರು ಕಡಿಮೆ. ರಾತ್ರಿಯ ದಾರಿಯಲ್ಲಿ ಗುಂಪೇ ಧೈರ್ಯ, ಹೆಂಗಸರು ಮನೆಯಿಂದ ಹೊರಡಲು ಗುಂಪೇ ಒಪ್ಪಿಗೆ. ಮನೆಯ ಹಿರಿಯರು ಬೇಡವೆನ್ನಲಾಗದ ಕೆಲವೇ ಹೊರಗಿನ ಸುಖಗಳಲ್ಲಿ ಹೆಣ್ಣುಮಕ್ಕಳಿಗೆ ನಾಟಕವೂ ಒಂದಾಗಿದ್ದುದು ಈ ಗಾಡಿ ಪಯಣದ ದೆಸೆಯಿಂದ.

ಎರಡನೆಯದು ಜಾತ್ರೆಯ ಪಯಣ. ದಾವಣಗೆರೆಯ ದುರ್ಗಾಂಬಿಕಾ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಬೀಗರ ಮನೆಯಲ್ಲಿ ಇಳಿದುಕೊಂಡು, ಹಗಲು ದೇವಿಯ ದರ್ಶನ ಮತ್ತು ಪೇಟೆ, ಸಂಜೆ ಮಂಡಕ್ಕಿ ಮೆಣಸಿನಕಾಯಿ, ರಾತ್ರಿ ನಾಟಕ ಎಂಬುದು ಸುತ್ತಣ ತಾಲ್ಲೂಕುಗಳವರ ಜಾತ್ರೆಯ ದಿನಚರಿ. ಹೊನ್ನಾಳಿ, ನ್ಯಾಮತಿಗಳ ಕಡೆಯವರಿಗೆ ಶಿರಸಿಯ ಮಾರಿಕಾಂಬಾ ಜಾತ್ರೆಯೂ ದಾರಿಯಲ್ಲಿತ್ತು. ಅದೂ ಎರಡು ವರ್ಷಕ್ಕೊಮ್ಮೆ ನಡೆಯುವುದು, ಅಲ್ಲಿಯೂ ಕಂಪನಿಗಳು ಸೇರುತ್ತವೆ. ಎಲ್ಲಕ್ಕಿಂತ ದೊಡ್ಡ ನಾಟಕದ ಜಾತ್ರೆ ಬಾದಾಮಿಯ ಬನಶಂಕರಿಯದು. ಬನದ ಹುಣ್ಣಿಮೆಯಿಂದ ತಿಂಗಳ ಕಾಲ ಹಲವು ಕಂಪನಿಗಳು ಅಕ್ಕಪಕ್ಕದಲ್ಲೇ ಥಿಯೇಟರು ಹಾಕಿ ಒಂದೇ ರಾತ್ರಿ ಬೇರೆಬೇರೆ ನಾಟಕ ಆಡುತ್ತವೆ. ಮೊದಲ ಆಟ ಇಲ್ಲಿ, ಎರಡನೆಯದು ಅಲ್ಲಿ, ಮರುದಿನ ಮೂರನೆಯ ಕಂಪನಿ ಎಂದು ಗುಂಪುಗಳು ಸುತ್ತುತ್ತವೆ. ಮಹಾನಗರದ ರಂಗಮಂದಿರಗಳ ಬೀದಿಗೆ ಕನ್ನಡದಲ್ಲಿ ಸಮನಾದದ್ದು ಏನಾದರೂ ಇದ್ದರೆ ಅದು ವರ್ಷಕ್ಕೊಂದು ತಿಂಗಳು ಮಾತ್ರ ಇರುವ ಈ ತಗಡಿನ ಬೀದಿ.

ಇಂಥ ಗುಂಪುಗಳಿಗೆ ಮಾರ್ಗದರ್ಶಕರೂ ಇದ್ದರು. ಅವರೇ ನಾಟಕದ ಮೇಷ್ಟ್ರು. ಕಂಪನಿಯಲ್ಲಿ ಕೆಲಸ ಮಾಡಿ ಹೊರಬಂದ, ಇಲ್ಲವೇ ಕಂಪನಿ ಮುಚ್ಚಿದ್ದರಿಂದ ನೆಲೆ ತಪ್ಪಿದ ಪೇಟಿ ಮಾಸ್ತರರು, ನಟರು ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ಉಳಿದು ಯುವಕರಿಗೆ ನಾಟಕ ಕಲಿಸುತ್ತಿದ್ದರು. ಊರಿನ ಗುಡಿಯಲ್ಲೋ ಶಾಲೆಯಲ್ಲೋ ರಾತ್ರಿ ತಾಲೀಮು, ಸರದಿಯ ಮೇಲೆ ಮನೆಮನೆಯಲ್ಲಿ ಮೇಷ್ಟ್ರಿಗೆ ಊಟ. ಓದು ಬಾರದವರಿಗೆ ಪಾರ್ಟನ್ನು ಬಾಯಿಪಾಠ ಮಾಡಿಸುವುದು, ದನಿ ಸಾಲದವನಿಗೆ ಪದ ತಿದ್ದುವುದು, ಕಂದ ಹೇಳುವಾಗ ಎಲ್ಲಿ ಉಸಿರೆಳೆಯಬೇಕೆಂದು ತೋರಿಸುವುದು ಎಲ್ಲವೂ ಅವರದೇ. ಹತ್ತಿರದಲ್ಲಿ ಕಂಪನಿ ಬಂದರೆ ಶಿಷ್ಯರನ್ನು ಕರೆದುಕೊಂಡು ಹೋಗಿ, ಯಾರು ಹೇಗೆ ಪ್ರವೇಶ ಮಾಡುತ್ತಾರೆ, ಗದೆ ಹೇಗೆ ಹಿಡಿಯುತ್ತಾರೆ ಎಂದು ಕೂತಲ್ಲೇ ಹೇಳಿಕೊಡುವುದೂ ಕಲಿಕೆಯ ಭಾಗವಾಗಿತ್ತು. ಇವರಲ್ಲಿ ಬಹುಪಾಲು ಜನರ ಹೆಸರು ಯಾವ ಪುಸ್ತಕದಲ್ಲೂ ಬರಲಿಲ್ಲ. ಆದರೆ ಕಂಪನಿಯ ರಂಗವಿದ್ಯೆ ಹಳ್ಳಿಯ ಒಳಗೆ ಇಳಿದದ್ದು ಅವರ ಕೈಯಿಂದಲೇ.

ಹಳ್ಳಿಯ ನಾಟಕಕ್ಕೆ ಕಂದಗಲ್ಲ ಹನುಮಂತರಾಯರ ಪೌರಾಣಿಕಗಳು ಬೈಬಲ್ಲು ಗೀತೆಗಳಷ್ಟೇ ನಿಷ್ಠೆಯ ಪಠ್ಯಗಳಾದವು. ಹುನಗುಂದ ಸೀಮೆಯ ಕಂದಗಲ್ಲಿನಲ್ಲಿ 1896ರಲ್ಲಿ ಹುಟ್ಟಿದ ಅವರ ‘ರಕ್ತರಾತ್ರಿ’ ಮಹಾಭಾರತ ಯುದ್ಧದ ಕೊನೆಯ ಭಾಗದ ಕಥೆ. ಎತ್ತರದ ದನಿಯ, ಪ್ರಾಸ ತುಂಬಿದ ಆ ಮಾತುಗಳನ್ನು ಅಕ್ಷರ ಬಾರದ ರೈತನೂ ಒಂದಕ್ಷರ ತಪ್ಪದೆ ಒಪ್ಪಿಸುತ್ತಿದ್ದ. ಸಾಮಾಜಿಕಗಳಲ್ಲಿ ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’, ‘ಮಲಮಗಳು’ ಮುಂತಾದವು ಓಡಿದವು. ‘ಸಂಪತ್ತಿಗೆ ಸವಾಲ್’ 1974ರಲ್ಲಿ ರಾಜಕುಮಾರ್ ಅಭಿನಯದ ಸಿನಿಮಾ ಆಯಿತು; ಸಿನಿಮಾ ನೋಡಿದವರು ಮತ್ತೆ ನಾಟಕ ಆಡಿದರು.

ಹಳ್ಳಿಯ ನಾಟಕಕ್ಕೆ ಬೇಕಾದ ಸರಂಜಾಮು ದಾವಣಗೆರೆಯಂಥ ಪೇಟೆಯಿಂದ ಬಾಡಿಗೆಗೆ ಬರುತ್ತದೆ. ‘ಡ್ರಾಮಾ ಸೀನ್ಸ್’ ಎಂದು ಬೋರ್ಡು ಹಾಕಿಕೊಂಡವರು ಪರದೆ, ಸೈಡ್‌ವಿಂಗು, ಸಿಂಹಾಸನ, ಉಡುಪು, ಬಣ್ಣ ಹಚ್ಚುವವರು, ಬೆಳಕು, ಮೈಕು ಎಲ್ಲವನ್ನೂ ಒಂದೇ ಗಾಡಿಯಲ್ಲಿ ಕಳಿಸುತ್ತಾರೆ. ಹೆಣ್ಣಿನ ಪಾತ್ರಕ್ಕೆ ಹಿಂದೆ ಊರ ಹುಡುಗರೇ ಸೀರೆಯುಡುತ್ತಿದ್ದರು. ಆಮೇಲೆ ನಟಿಯರನ್ನು ಹೊರಗಿನಿಂದ ಕರೆಸುವುದು ರೂಢಿಯಾಯಿತು. ಹೊಸಪೇಟೆ ಬಳಿಯ ಮರಿಯಮ್ಮನಹಳ್ಳಿ, ಕೂಡ್ಲಿಗಿ, ದಾವಣಗೆರೆ, ಚಿತ್ರದುರ್ಗಗಳಲ್ಲಿ ಇದನ್ನೇ ಬದುಕಾಗಿಸಿಕೊಂಡ ಕಲಾವಿದೆಯರಿದ್ದಾರೆ. ಒಂದು ರಾತ್ರಿ ದ್ರೌಪದಿ, ಮರುರಾತ್ರಿ ಮತ್ತೊಂದೂರಲ್ಲಿ ಸಾಮಾಜಿಕ ನಾಟಕದ ನಾಯಕಿ. ಪ್ರತಿ ಊರಲ್ಲೂ ಎದುರಿಗೆ ಹೊಸ ನಟವರ್ಗ. ತಾಲೀಮಿಗೆ ಸಿಗುವುದು ಒಂದೆರಡು ದಿನ, ಹಲವೊಮ್ಮೆ ಅದೂ ಇಲ್ಲ. ಗೊತ್ತಿಲ್ಲದ ಭೀಮ ದುರ್ಯೋಧನರನ್ನು ರಂಗದ ಮೇಲೆ ನಿಭಾಯಿಸಿ, ಮಾತು ಮರೆತವನಿಗೆ ಮೆಲ್ಲಗೆ ಎತ್ತಿಕೊಟ್ಟು ನಾಟಕ ದಡ ಮುಟ್ಟಿಸುವ ಈ ಹೆಣ್ಣುಮಕ್ಕಳ ಕಸುಬುದಾರಿಕೆಗೆ ಸಿಗಬೇಕಾದ ಮನ್ನಣೆ ಇನ್ನೂ ಸಿಕ್ಕಿಲ್ಲ. ಹಗಲಿನಲ್ಲಿ ಸಮಾಜ ಅವರನ್ನು ನೋಡಿದ ಬಗೆಯೂ ಮೆಚ್ಚುವಂಥದ್ದಾಗಿರಲಿಲ್ಲ.

ಜಗಳೂರಿನ ರಂಗಚರಿತ್ರೆಗೆ ಮಠದ ದಾರಿಯೂ ಸೇರಿಕೊಳ್ಳುತ್ತದೆ. ಸಿರಿಗೆರೆಯ ತರಳಬಾಳು ಮಠದ ಶಿವಕುಮಾರ ಶಿವಾಚಾರ್ಯ ಸ್ವಾಮಿಗಳು ತರಳಬಾಳು ಹುಣ್ಣಿಮೆಯನ್ನು ಮಠದ ಹೊರಗೆ ಸಾರ್ವಜನಿಕ ಉತ್ಸವವಾಗಿ ಆರಂಭಿಸಿದ್ದು 1950ರಲ್ಲಿ, ಜಗಳೂರಿನಲ್ಲಿ. ಮಾಘ ಮಾಸದಲ್ಲಿ ಹಲವು ದಿನ ನಡೆದು ಹುಣ್ಣಿಮೆಗೆ ಮುಗಿಯುವ ಈ ಉತ್ಸವ ವರ್ಷಕ್ಕೊಂದು ಊರಿಗೆ ಹೋಗುತ್ತದೆ. ಭಾಷಣ, ಸಂಗೀತಗಳ ಜೊತೆಗೆ ರೂಪಕ, ನಾಟಕಗಳೂ ಅದರಲ್ಲಿ ಸೇರುತ್ತವೆ. ಸ್ವಾಮಿಗಳು ಸ್ವತಃ ನಾಟಕಕಾರರು. ‘ಮರಣವೇ ಮಹಾನವಮಿ’, ‘ವಿಶ್ವಬಂಧು ಮರುಳಸಿದ್ಧ’, ‘ಶರಣಸತಿ ಲಿಂಗಪತಿ’ ಅವರು ಬರೆದವು. ಅವನ್ನು ಆಡಲೆಂದೇ ಸಿರಿಗೆರೆಯಲ್ಲಿ ಕಲಾ ಸಂಘ ಕಟ್ಟಿ ಊರೂರಿಗೆ ಕಳಿಸಿದರು. ಕಂಪನಿಯ ರಂಗಸಜ್ಜಿಕೆಯನ್ನು ಇಟ್ಟುಕೊಂಡೇ 12ನೇ ಶತಮಾನದ ಶರಣರ ವಿಚಾರವನ್ನು ಜನರ ಮುಂದಿಡುವ ಪ್ರಯತ್ನವದು. ನಾಟಕ ನೋಡುವುದನ್ನು ಚಟವೆಂದು ಬೈಯುವ ಮನೆಗಳೂ ಮಠದ ನಾಟಕಕ್ಕೆ ಗಾಡಿ ಕಟ್ಟಿದವು.

ಅವರ ಶಿಷ್ಯ ಪರಂಪರೆಯ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಈ ಕೆಲಸವನ್ನು ಬೇರೊಂದು ಎತ್ತರಕ್ಕೆ ಒಯ್ದರು. 1987ರಲ್ಲಿ ಶಿವಕುಮಾರ ಕಲಾಸಂಘ, 1997ರಲ್ಲಿ ಶಿವಸಂಚಾರ ಎಂಬ ತಿರುಗಾಟದ ತಂಡ. ನಿರ್ದೇಶಕ ಸಿ.ಜಿ. ಕೃಷ್ಣಸ್ವಾಮಿಯವರು ಒತ್ತಾಸೆಯಾಗಿ ನಿಂತರು. ಗ್ರೀಕ್ ಮಾದರಿಯಲ್ಲಿ ಮೆಟ್ಟಿಲುಗಳ ಬಯಲು ರಂಗಮಂದಿರ ಎದ್ದಿತು. ವರ್ಷಕ್ಕೆ ಮೂರು ಹೊಸ ನಾಟಕ ಸಿದ್ಧಪಡಿಸಿ ನವೆಂಬರಿನ ನಾಟಕೋತ್ಸವದಲ್ಲಿ ಆಡಿ, ಆಮೇಲೆ ತಿಂಗಳುಗಟ್ಟಲೆ ನಾಡು ಸುತ್ತುವುದು ಶಿವಸಂಚಾರದ ಕ್ರಮ. ಉತ್ಸವದ ದಿನಗಳಲ್ಲಿ ಸುತ್ತಣ ಹಳ್ಳಿಗಳವರು ಟ್ರ್ಯಾಕ್ಟರು, ಟೆಂಪೊಗಳಲ್ಲಿ ಸಂಸಾರ ಸಮೇತ ಬರುತ್ತಾರೆ. ಕಮಾನುಗಾಡಿಯ ಪಯಣ ಬೇರೆ ಚಕ್ರದ ಮೇಲೆ ಮುಂದುವರಿದದ್ದನ್ನು ಇಲ್ಲಿ ಕಾಣಬಹುದು.

ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ 1985ರಲ್ಲಿ ತಿರುಗಾಟ ಶುರುಮಾಡಿದಾಗಲೂ ನೆಚ್ಚಿದ್ದು ತಾಲ್ಲೂಕು ಊರುಗಳನ್ನೇ. ಅದಕ್ಕೆ ಕೆಲವು ವರ್ಷ ಮೊದಲು, 1979ರಲ್ಲಿ, ಸಮುದಾಯ ಸಂಘಟನೆಯ ಜಾಥಾ ಬೀದಿ ನಾಟಕವನ್ನು ನಾಡಿನ ಸಣ್ಣ ಊರುಗಳಿಗೆ ಮುಟ್ಟಿಸಿತ್ತು. ದಾವಣಗೆರೆಯಲ್ಲಿ ಪ್ರತಿಮಾ ಸಭಾದಂಥ ಹವ್ಯಾಸಿ ಸಂಸ್ಥೆಗಳು ಹೊಸ ನಾಟಕಕ್ಕೆ ಪ್ರೇಕ್ಷಕರನ್ನು ತಯಾರು ಮಾಡಿದವು. ಚನ್ನಗಿರಿ ತಾಲ್ಲೂಕಿನ ಹೋದಿಗೆರೆ, ಶಹಾಜಿಯ ಸಮಾಧಿಯಿರುವ ಊರು, ಆಧುನಿಕ ಕನ್ನಡಕ್ಕೆ ಒಬ್ಬ ನಾಟಕಕಾರರನ್ನೂ ಕೊಟ್ಟಿತು. 1944ರಲ್ಲಿ ಅಲ್ಲಿ ಹುಟ್ಟಿದ ಎಚ್.ಎಸ್. ವೆಂಕಟೇಶಮೂರ್ತಿಯವರು ಕವಿಯೆಂದು ಹೆಚ್ಚು ಪರಿಚಿತರು, ಆದರೆ ‘ಅಗ್ನಿವರ್ಣ’, ‘ಉರಿಯ ಉಯ್ಯಾಲೆ’, ‘ಚಿತ್ರಪಟ’ಗಳ ಮೂಲಕ ರಂಗಭೂಮಿಗೂ ಬೇಕಾದವರು. ‘ಚಿತ್ರಪಟ’ದ ಬೇರು ಜನಪದ ರಾಮಾಯಣದಲ್ಲಿದೆ. ಅವರು 2025ರ ಮೇ ತಿಂಗಳಲ್ಲಿ ನಿಧನರಾದರು.

ಕಂಪನಿ ನಾಟಕ ಸೊರಗಿದ ಕಥೆ ಎಲ್ಲೆಡೆಯಂತೆ ಇಲ್ಲಿಯೂ ನಡೆಯಿತು. 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ ಬಂದಾಗಿನಿಂದ ನಟರು ಸಿನಿಮಾದ ಕಡೆ ಸರಿದರು. ಗುಬ್ಬಿ ಕಂಪನಿಯ ‘ಬೇಡರ ಕಣ್ಣಪ್ಪ’ 1954ರಲ್ಲಿ ಸಿನಿಮಾ ಆಗಿ ರಾಜಕುಮಾರರನ್ನು ನಾಡಿಗೆ ಪರಿಚಯಿಸಿತು. ಟೂರಿಂಗ್ ಟಾಕೀಸು ಕಂಪನಿಯಂತೆಯೇ ಡೇರೆ ಹೊತ್ತು ತಾಲ್ಲೂಕು ಊರುಗಳಿಗೆ ಬಂತು. ಅದೇ ಬಯಲು, ಅದೇ ಸುಗ್ಗಿಯ ದುಡ್ಡು, ಟಿಕೆಟ್ಟಿನ ದರ ಮಾತ್ರ ಕಡಿಮೆ. 1980ರ ದಶಕದಲ್ಲಿ ಮನೆಗೆ ಟಿ.ವಿ. ಬಂದ ಮೇಲೆ ರಾತ್ರಿಯ ಪಯಣವೇ ಬೇಡವಾಯಿತು. ಉಳಿದ ಕಂಪನಿಗಳು ನಗೆಯನ್ನು ಹಿಡಿದುಕೊಂಡವು. ರಾಜಣ್ಣ ಜೇವರ್ಗಿಯವರ ‘ಕುಂಟಕೋಣ ಮೂಕಜಾಣ’ದಂಥ ನಾಟಕಗಳು ಜಾತ್ರೆಗಳಲ್ಲಿ ಜನರನ್ನು ಮತ್ತೆ ಸೆಳೆದವು. ದ್ವಂದ್ವಾರ್ಥದ ಮಾತು ಹೆಚ್ಚಿತೆಂಬ ದೂರು ಸುಳ್ಳಲ್ಲ. ಆದರೆ ಸಾಲದ ಮೇಲೆ ಕ್ಯಾಂಪು ನಡೆಸುವ ಮಾಲೀಕರಿಗೆ, ಸಂಬಳ ನಂಬಿ ಕೂತ ಮೂವತ್ತು ನಲವತ್ತು ಜನರ ಬೋರ್ಡಿಂಗಿಗೆ, ಅಂದಂದಿನ ಕಲೆಕ್ಷನ್ನೇ ಆಧಾರವಾಗಿತ್ತೆಂಬುದನ್ನು ಬಿಟ್ಟು ಆ ದೂರನ್ನು ತೂಗಲಾಗದು.

ಸರ್ಕಾರದ ಕಡೆಯಿಂದ ವೃತ್ತಿ ಕಂಪನಿಗಳಿಗೆ ವಾರ್ಷಿಕ ಅನುದಾನ, ವಯಸ್ಸಾದ ಕಲಾವಿದರಿಗೆ ಮಾಸಾಶನ, ರಂಗದ ಹಿರಿಯರಿಗೆ ಗುಬ್ಬಿ ವೀರಣ್ಣ ಪ್ರಶಸ್ತಿ ಇವೆ. ಈಚಿನ ವರ್ಷಗಳಲ್ಲಿ ವೃತ್ತಿ ರಂಗಭೂಮಿಗೆಂದೇ ಒಂದು ರಂಗಾಯಣ ದಾವಣಗೆರೆಯಲ್ಲಿ ಸ್ಥಾಪನೆಯಾಗಿದೆ. ಮೈಸೂರು, ಧಾರವಾಡ, ಶಿವಮೊಗ್ಗ, ಕಲಬುರಗಿಗಳ ರಂಗಾಯಣಗಳ ಸಾಲಿಗೆ ಸೇರಿದ ಇದು ಕಂಪನಿ ನಾಟಕದ ಹಾಡುಗಾರಿಕೆ, ಪರದೆಯ ಕಲೆ, ಅಭಿನಯದ ಧಾಟಿಗಳನ್ನು ಹೊಸಬರಿಗೆ ಕಲಿಸುವ ಹೊಣೆ ಹೊತ್ತಿದೆ. ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಯುಗಾದಿಗೆ, ಊರಹಬ್ಬಕ್ಕೆ ಇಂದಿಗೂ ನಾಟಕ ಏಳುತ್ತದೆ. ಪಾತ್ರ ಮಾಡುವವರು ವಂತಿಗೆ ಹಾಕುತ್ತಾರೆ, ಪೇಟೆಯಿಂದ ಸೀನ್ಸ್ ಬರುತ್ತದೆ, ನಟಿಯರಿಗೆ ಫೋನಿನಲ್ಲಿ ದಿನ ಗೊತ್ತು ಮಾಡುತ್ತಾರೆ. ಟಿಕೆಟ್ಟಿಲ್ಲ. ನೆರೆಹಳ್ಳಿಯಿಂದ ಬಂದವರು, ಬಯಲಾಟದ ಕಾಲದಲ್ಲಿ ಇದ್ದಂತೆಯೇ, ಊರ ಅತಿಥಿಗಳು.